ಮಲಮಗ ಮೀಮಾಂಸೆ: ಭಾವಿ ಸೊಸೆ ಪ್ರಕರಣ ಸಹಿತ

ಅನುಬಂಧ ಚತುಷ್ಟಯವಿಲ್ಲದ ಗ್ರಂಥವನ್ನು ಪಂಡಿತರು ಮುಟ್ಟುವುದಿಲ್ಲ. ಆದ್ದರಿಂದ ಮೊದಲು ಅದನ್ನು ಹೇಳಿ ಮುಗಿಸುತ್ತೇವೆ. ವಿಷಯ: ಅಮೆರಿಕದ ಪೌರನೊಬ್ಬ ಪರದೇಶದ ವಿಧವೆಯನ್ನೋ ವಿಚ್ಛೇದಿತೆಯನ್ನೋ ಮದುವೆಯಾದಾಗ ಅವಳ ಹಿಂದೆ ನಿಂತಿರುವ ಮಗ, ಮತ್ತು ಆ ಮಗನ ಹಿಂದೆ ನಿಂತಿರುವ ಹುಡುಗಿ. ಅಧಿಕಾರಿ: ಜನನ ಪ್ರಮಾಣಪತ್ರ ಉಳ್ಳವನು. ಸಂಬಂಧ: ವಿವಾದವಿರುವುದೇ ಅದರಲ್ಲಿ. ಪ್ರಯೋಜನ: ಗ್ರೀನ್ ಕಾರ್ಡ್. ಮೋಕ್ಷ ಬೇಕಾದವರು ಬೇರೆ ಗ್ರಂಥ ನೋಡಿಕೊಳ್ಳತಕ್ಕದ್ದು.

ಶಾಸ್ತ್ರದ ವಾಡಿಕೆಯಂತೆ ಹುಡುಗನಿಗೆ ದೇವದತ್ತನೆಂದು ಹೆಸರು. ಹುಡುಗಿಯ ಸುದ್ದಿಯನ್ನು ಮೂಲಗ್ರಂಥ ಎತ್ತುವುದೇ ಇಲ್ಲವಾದ್ದರಿಂದ ಅವಳು ಬರೀ ವಾಗ್ದತ್ತೆ. ಮೂಲಗ್ರಂಥವೆಂದರೆ ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ. ಭಾಷ್ಯಕಾರರು ವಕೀಲರು. ಅವರ ದಕ್ಷಿಣೆ ಗಂಟೆಯ ಲೆಕ್ಕದಲ್ಲಿ.

ಸೂತ್ರ 1: ಹದಿನೆಂಟು ತುಂಬುವ ಮೊದಲು ಮದುವೆ, ಮಗನದಲ್ಲ, ತಾಯಿಯದು.

ವೃತ್ತಿ: ಕಲ್ಯಾಣದಲ್ಲಿ ಕುಳಿತು ಮಿತಾಕ್ಷರ ಬರೆದ ನಮ್ಮ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿ ಹೇಳಿದ ಹನ್ನೆರಡು ಬಗೆಯ ಪುತ್ರರಿಗೆ ವ್ಯಾಖ್ಯಾನ ಹೇಳಬೇಕಾಯಿತು. ವಾಷಿಂಗ್ಟನ್ನಿನ ಸ್ಮೃತಿಕಾರರು ಏಳು ಬಗೆಗೆ ತೃಪ್ತರಾಗಿದ್ದಾರೆ. ಆ ಏಳರಲ್ಲಿ ಎರಡನೆಯವನೇ ಮಲಮಗ. ಅವನಿಗಿರುವ ಷರತ್ತು ಒಂದೇ: ತಾಯಿಯ ಹೊಸ ಮದುವೆ ನಡೆದಾಗ ಅವನಿಗೆ ಹದಿನೆಂಟು ತುಂಬಿರಬಾರದು. ಹುಟ್ಟುಹಬ್ಬದ ಹಿಂದಿನ ದಿನ ತಾಯಿಗೆ ಮದುವೆಯಾದರೆ ದೇವದತ್ತ ಮಗ. ಮಾರನೆಯ ದಿನವಾದರೆ ಮದುವೆಗೆ ಬಂದ ಅತಿಥಿ.

ಪೂರ್ವಪಕ್ಷ: ಮಲತಂದೆಗೆ ಹುಡುಗನ ಮೇಲೆ ಅಕ್ಕರೆ ಬೇಡವೆ?

ಸಿದ್ಧಾಂತ: ಬೇಡ. ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 1981ರಲ್ಲಿ ಮ್ಯಾಕ್‌ಮಿಲನ್ ಪ್ರಕರಣದಲ್ಲಿ, ಮದುವೆ ಸಾಚಾ ಇದ್ದರೆ ಸಾಕು, ಮಲತಂದೆ ಮಲಮಗ ಒಂದೇ ಸೂರಿನಡಿ ಅನ್ಯೋನ್ಯವಾಗಿ ಬಾಳಿದ್ದಾರೆಂದು ತೋರಿಸಬೇಕಾಗಿಲ್ಲ ಎಂದಿತು. ಅದೇ ವರ್ಷ ಮೌರರ್ ಪ್ರಕರಣದಲ್ಲಿ, ಗಂಡಹೆಂಡಿರು ವಿಚ್ಛೇದನ ಪಡೆದರೂ ಮಲಸಂಬಂಧ ಬದುಕಿರಬಲ್ಲದು, ಆದರೆ ಆಗ ನಂಟು ನಿಜಕ್ಕೂ ಉಳಿದಿದೆಯೆಂದು ತೋರಿಸಬೇಕು ಎಂದಿತು. ಅಂದರೆ ದಾಂಪತ್ಯ ಇರುವಷ್ಟು ದಿನ ಪ್ರೀತಿಗೆ ಸಾಕ್ಷಿ ಬೇಡ, ಮುರಿದ ಮೇಲೆ ಬೇಕು. ಸಂಸಾರಿಗಳು ಇದನ್ನು ಮನನ ಮಾಡತಕ್ಕದ್ದು.

ಸೂತ್ರ 2: ಹತ್ತಿರದ ಬಂಧುವಿಗೆ ಬಂಧುಗಳಿಲ್ಲ.

ವೃತ್ತಿ: ದೇವದತ್ತನಿಗೆ ಇಪ್ಪತ್ತೊಂದಾಗಿಲ್ಲ, ಮದುವೆಯೂ ಆಗಿಲ್ಲ ಎಂದರೆ ಪೌರ ಮಲತಂದೆಯ ಪಾಲಿಗೆ ಅವನು 'ಹತ್ತಿರದ ಬಂಧು'. ಮಲತಂದೆ ಐ-130 ಅರ್ಜಿ ಹಾಕಿದರಾಯಿತು, ವೀಸಾ ಸಂಖ್ಯೆಗೆ ಮಿತಿಯಿಲ್ಲ, ಸರದಿಯಿಲ್ಲ. ಆದರೆ ಈ ರಾಜಮಾರ್ಗದಲ್ಲಿ ಒಬ್ಬನೇ ನಡೆಯಬೇಕು, ಬೆನ್ನಿಗೆ ಯಾರನ್ನೂ ಕಟ್ಟಿಕೊಳ್ಳುವಂತಿಲ್ಲ. 2002ರ ಕಾಯ್ದೆಯೊಂದು ಕರುಣೆ ತೋರಿ, ಅರ್ಜಿ ಹಾಕಿದ ದಿನವೇ ಇಂಥ ಹುಡುಗನ ವಯಸ್ಸು ನಿಂತುಹೋಗುವಂತೆ ಮಾಡಿತು. ವಯಸ್ಸನ್ನು ನಿಲ್ಲಿಸಿದ ಆ ಕಾಯ್ದೆಗೂ ಪ್ರಾಯದ ಮನಸ್ಸನ್ನು ನಿಲ್ಲಿಸಲಾಗಲಿಲ್ಲ. ದೇವದತ್ತ ತಾಳಿ ಕಟ್ಟಿದನೋ, ಹತ್ತಿರದ ಬಂಧು ತಟ್ಟನೆ ದೂರದವನಾಗುತ್ತಾನೆ.

ಸೂತ್ರ 3: ಪೌರನ ಅರ್ಜಿಗೆ ಮದುವೆ ವಿಳಂಬಕಾರಕ, ಗ್ರೀನ್ ಕಾರ್ಡಿನವನ ಅರ್ಜಿಗೆ ಪ್ರಾಣಹಾರಕ.

ವೃತ್ತಿ: ದೂರದವನಾದ ದೇವದತ್ತ ಹೋಗಿ ನಿಲ್ಲುವುದು ಪೌರರ ವಿವಾಹಿತ ಮಕ್ಕಳ ಸರದಿಯಲ್ಲಿ. ಕುಟುಂಬ ವೀಸಾಗಳಲ್ಲಿ ಅದು ಮೂರನೆಯ ವರ್ಗ. ಮೂಲ ಕೋಟಾ ವರ್ಷಕ್ಕೆ 23,400, ಅದೂ ಇಡೀ ಲೋಕಕ್ಕೆ. ಈ ವರ್ಗದಲ್ಲಿ ವಾಗ್ದತ್ತೆ ಹೆಂಡತಿಯಾಗಿ ಜೊತೆಯಲ್ಲೇ ಹೋಗಬಹುದೆಂಬುದು ಸಮಾಧಾನ. ಮೆಕ್ಸಿಕೊ ಮತ್ತು ಫಿಲಿಪೀನ್ಸಿನ ದೇವದತ್ತರು ಇಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ನಿಂತಿದ್ದಾರೆಂಬುದು ವಾಸ್ತವ. ಮಲತಂದೆ ಇನ್ನೂ ಪೌರನಾಗದೆ ಗ್ರೀನ್ ಕಾರ್ಡಿನಲ್ಲೇ ಇದ್ದರಂತೂ ಸರದಿಯೂ ಇಲ್ಲ. ಅವನ ವಿವಾಹಿತ ಮಕ್ಕಳಿಗೆ ವರ್ಗವೇ ಇಲ್ಲ. ಮಾಂಗಲ್ಯಧಾರಣೆಯಾದ ಗಳಿಗೆಯಲ್ಲೇ ಅರ್ಜಿ ತನ್ನಷ್ಟಕ್ಕೆ ರದ್ದಾಗುತ್ತದೆ.

ಸರದಿ ಎಲ್ಲಿಗೆ ಬಂತೆಂದು ತಿಳಿಯಲು ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಎಂಬ ಮಾಸಿಕ ಪಂಚಾಂಗ ಹೊರಡಿಸುತ್ತದೆ. ಅದರಲ್ಲಿ ಎರಡು ಕೋಷ್ಟಕಗಳು: ಒಂದು ಕಾಗದಪತ್ರ ಕೊಡುವ ಕಾಲಕ್ಕೆ, ಇನ್ನೊಂದು ವೀಸಾ ಕೈಗೆ ಬರುವ ಕಾಲಕ್ಕೆ. ಅಲ್ಲಿನ ದಿನಾಂಕಗಳು ಸಾಮಾನ್ಯವಾಗಿ ಮಂದಗತಿ, ಒಮ್ಮೊಮ್ಮೆ ಸ್ತಂಭನ, ಬೇಡಿಕೆ ಉಕ್ಕಿದಾಗ ವಕ್ರಗತಿ. ವಕ್ರಿಯಾದ ಶನಿಗೆ ಎಳ್ಳು ದೀಪವಾದರೂ ಇದೆ. ಇದಕ್ಕೆ ಶಾಂತಿ ಹೇಳಿಲ್ಲ.

ಸೂತ್ರ 4: ವಾಗ್ದಾನದ ವೀಸಾ ತಾಯಿಗುಂಟು, ಮಗನಿಗಿಲ್ಲ.

ವೃತ್ತಿ: ಕೆ-1 ಎಂಬುದು ವಾಗ್ದತ್ತರ ವೀಸಾ. ಇಬ್ಬರೂ ಹಿಂದಿನ ಎರಡು ವರ್ಷದೊಳಗೆ ಮುಖಾಮುಖಿ ಭೇಟಿಯಾಗಿರಬೇಕು, ಅಮೆರಿಕಕ್ಕೆ ಬಂದ 90 ದಿನದೊಳಗೆ ಮದುವೆಯಾಗಬೇಕು. ಕರೆಸಿಕೊಳ್ಳುವವರು ಮಾತ್ರ ಪೌರರೇ ಆಗಿರಬೇಕು. ದೇವದತ್ತ ಪೌರನಲ್ಲ, ಆದ್ದರಿಂದ ಅವನ ವಾಗ್ದತ್ತೆಗೆ ಇದು ದಕ್ಕದು.

ಇಲ್ಲೊಂದು ಸೂಕ್ಷ್ಮವಿದೆ. ದೇವದತ್ತನಿಗೆ ಹತ್ತೊಂಬತ್ತು ಎನ್ನೋಣ. ತಾಯಿ ಊರಿನಲ್ಲೇ ವಾಲಗ ಊದಿಸಿ ಪೌರನನ್ನು ಮದುವೆಯಾದರೆ, ಮೊದಲ ಸೂತ್ರದ ಪ್ರಕಾರ ದೇವದತ್ತ ಮಲಮಗನಲ್ಲ, ಮನೆಯಲ್ಲೇ ಉಳಿದ. ಅದೇ ತಾಯಿ ಮದುವೆಯಾಗದೆ ಕೆ-1ರಲ್ಲಿ ಹೊರಟರೆ, ಇಪ್ಪತ್ತೊಂದರ ಒಳಗಿನ ಅವಿವಾಹಿತ ಮಗ ಕೆ-2 ವೀಸಾದಲ್ಲಿ ಜೊತೆಗೇ ಹೊರಡುತ್ತಾನೆ. ಅಲ್ಲಿಗೆ ಕಾಲಿಟ್ಟಾಗ ಇಪ್ಪತ್ತೊಂದಾಗಿರದಿದ್ದರೆ ಸಾಕು, ಮುಂದಿನ ಗ್ರೀನ್ ಕಾರ್ಡಿಗೆ ಹದಿನೆಂಟರ ತೊಡಕಿಲ್ಲ ಎಂದು ಅದೇ ವಲಸೆ ಮೇಲ್ಮನವಿ ಮಂಡಳಿ 2011ರಲ್ಲಿ ತೀರ್ಮಾನಿಸಿತು. ಮದುವೆ ಅದೇ, ಮಗ ಅವನೇ. ಬದಲಾದದ್ದು ಲಗ್ನ ನಡೆದ ಸ್ಥಳ, ಕಾಲ.

ಸೂತ್ರ 5: ಏಳನೆಯ ಹೆಜ್ಜೆಯ ವಿಚಾರ.

ಪೂರ್ವಪಕ್ಷ: ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯ ಏಳನೆಯ ಕಲಮಿನಂತೆ, ಸಪ್ತಪದಿಯಿರುವ ವಿಧಿಯಲ್ಲಿ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣ. ಆದ್ದರಿಂದ ಭಾರತದ ದೇವದತ್ತ ಆರು ಹೆಜ್ಜೆ ಇಟ್ಟು, ವಿಮಾನ ಹತ್ತಿ, ಗ್ರೀನ್ ಕಾರ್ಡ್ ಪಡೆದು, ಬಂದು ಏಳನೆಯದನ್ನು ಇಡಬಾರದೇಕೆ? ಅಥವಾ ಗುಡಿಯಲ್ಲಿ ಗುಟ್ಟಾಗಿ ಮದುವೆಯಾಗಿ ನೋಂದಣಿ ಮಾಡಿಸದೆ ಸುಮ್ಮನಿದ್ದರೆ?

ಸಿದ್ಧಾಂತ: ಮೊದಲನೆಯದಕ್ಕೆ ಪುರೋಹಿತರು ಒಪ್ಪುವುದಿಲ್ಲ, ಬೀಗರಂತೂ ಛತ್ರದ ಬಾಗಿಲು ಹಾಕುತ್ತಾರೆ. ಎರಡನೆಯದು ಅಪಾಯ. ನೋಂದಣಿ ಇಲ್ಲವೆಂದ ಮಾತ್ರಕ್ಕೆ ಹಿಂದೂ ಮದುವೆ ಅಸಿಂಧುವಾಗುವುದಿಲ್ಲ. ನಡೆದ ಊರಿನ ಕಾನೂನಿಗೆ ಸಿಂಧುವಾದ ಮದುವೆ ಅಮೆರಿಕಕ್ಕೂ ಸಾಮಾನ್ಯವಾಗಿ ಸಿಂಧು. ವೀಸಾಕ್ಕಾಗಿ ಅದನ್ನು ಮುಚ್ಚಿಟ್ಟು ಸುಳ್ಳು ಹೇಳಿದರೆ ಅಮೆರಿಕದ ಬಾಗಿಲು ಜನ್ಮಕ್ಕೆಲ್ಲ ಮುಚ್ಚಬಹುದು. ವೀಸಾ ಪಾಸ್‌ಪೋರ್ಟಿಗೆ ಅಂಟಿದ ಮೇಲೂ ಇದೇ ನಿಯಮ: ಅಲ್ಲಿನ ನೆಲಕ್ಕೆ ಕಾಲಿಡುವವರೆಗೆ ಬ್ರಹ್ಮಚರ್ಯ.

ಫಲಶ್ರುತಿ: ದೇವದತ್ತ ಒಂಟಿಯಾಗಿ ಹೋಗಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಊರಿಗೆ ಬಂದು ಏಳೂ ಹೆಜ್ಜೆ ಇಡಲಿ, ಹೆಂಡತಿಗಾಗಿ ಗ್ರೀನ್ ಕಾರ್ಡಿನವರ ಸರದಿಯಲ್ಲಿ ಅರ್ಜಿ ಹಾಕಲಿ. ಸಾಮಾನ್ಯವಾಗಿ ಐದು ವರ್ಷಕ್ಕೆ ಪೌರತ್ವ ಕೇಳಬಹುದು. ಅದು ಸಿಕ್ಕಿತೆಂದರೆ ಹೆಂಡತಿಯೇ ಹತ್ತಿರದ ಬಂಧು, ಸರದಿ ಮುಗಿಯಿತು. ಅಷ್ಟರಲ್ಲಿ ವಾಗ್ದತ್ತೆ ಓದಿನ ಮೇಲೋ ಕೆಲಸದ ಮೇಲೋ ತನ್ನದೇ ವೀಸಾ ಗಳಿಸಿದರೆ ಈ ಗ್ರಂಥದ ಹಂಗೇ ಅವಳಿಗಿಲ್ಲ.

ಈ ಶಾಸ್ತ್ರದಲ್ಲಿ ರಕ್ತವೂ ಪ್ರೀತಿಯೂ ತಾರೀಖಿನ ನಂತರ ಬರುತ್ತವೆ. ಆದ್ದರಿಂದ ಓದುಗರಲ್ಲಿ ಒಂದೇ ವಿನಂತಿ: ಹುಡುಗನ ಅರ್ಜಿ ಅಮೆರಿಕದಲ್ಲಿದ್ದರೆ, ಛತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ವಲಸೆ ವಕೀಲರಿಗೊಂದು ಫೋನ್ ಮಾಡಿ. ಜೋಯಿಸರಿಗೆ ಆಮೇಲೆ ಮಾಡಿದರೂ ನಡೆಯುತ್ತದೆ.