ಕೋಲಿಗೊಂದು ಕೈ

ಹೆಡ್‌ಮೇಷ್ಟ್ರು: ನಿಂಗಣ್ಣ, ಜಪಾನಿನ ಕ್ಯೋಟೋದಲ್ಲಿ ದೊಶಿಶಾ ಅಂತ ಕ್ರೈಸ್ತ ಶಾಲೆ. 1880ರಲ್ಲಿ ಹುಡುಗರು ಮುಷ್ಕರ ಹೂಡಿ ಕ್ಲಾಸಿಗೆ ಚಕ್ಕರ್ ಹೊಡೆದರು.

ಪ್ಯೂನ್ ನಿಂಗಣ್ಣ: ಮೇಷ್ಟ್ರು ಹುಡುಗರಿಗೆ ಹೊಡೆದರು.

ಹೆಡ್‌ಮೇಷ್ಟ್ರು: ಇಲ್ಲಯ್ಯ! ಸ್ಥಾಪಕ ನೀಜಿಮಾ ಜೋ, ತಪ್ಪು ನನ್ನದೇ ಅಂತ ಬೆಳಗಿನ ಪ್ರಾರ್ಥನೆಯಲ್ಲಿ ತಮ್ಮ ಎಡಗೈಗೇ ಬಾರಿಸಿಕೊಂಡರು. ಕೋಲೇ ಮುರೀತು. ತುಂಡುಗಳನ್ನ ಇನ್ನೂ ಜೋಪಾನ ಮಾಡಿದ್ದಾರೆ.

ನಿಂಗಣ್ಣ: ಕೈ ಮಾಡಿದ್ದೂ ಅವರೇ, ಕೈ ಕೊಟ್ಟಿದ್ದೂ ಅವರೇ! ನಮ್ಮಲ್ಲೂ ಶುರು ಮಾಡೋಣ್ವಾ ಸಾರ್? ಕೋಲು ತರ್ಲಾ?

ಹೆಡ್‌ಮೇಷ್ಟ್ರು: ಛೆ, ಅದು ಹಳೇ ಕಾಲ! ಟೋಕಿಯೋ ನೋಡು. ಅಲ್ಲಿನ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ 2022ರ ತನಕ ಎಲ್ಲರ ತಲೆಗೂದಲೂ ಕಪ್ಪಾಗೇ ಇರಬೇಕಿತ್ತು. ಹುಟ್ಟಿನಿಂದ ಕಂದಾದ್ರೂ ಬಣ್ಣ ಬಳೀಬೇಕಿತ್ತು. ಅದಪ್ಪಾ ಶಿಸ್ತು!

ನಿಂಗಣ್ಣ: ಓಹೋ! ಅದಕ್ಕೇ ತಾವು ಪ್ರತಿ ಭಾನುವಾರ ತಪ್ಪದೆ ಶಿಸ್ತು ಹಚ್ಕೊಳ್ಳೋದು. ಕಿವಿ ಹತ್ರ ಸ್ವಲ್ಪ ಅಶಿಸ್ತು ಕಾಣ್ತಿದೆ ಸಾರ್.