ಒಂದು ತಿಂಗಳ ಕೂಸಿಗೆ ಊರ ಹಿರಿಯರ ಬಹಿರಂಗ ಪತ್ರ

ಚಿರಂಜೀವಿ ಕೂಸಿಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಮಸ್ತ ಹಿರಿಯರ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಹುಟ್ಟುತ್ತಲೇ ನಿನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಇದೇನು ಅವಸರ? ಪೊರೆ ಅರವತ್ತು ದಾಟಿದವರ ಹಕ್ಕು. ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರ ಕಾಲದಿಂದ ಪೊರೆ ತೆಗೆಯುವ ಶಿಬಿರಗಳು ನಡೆಯುತ್ತ ಬಂದಿವೆ. ಬ್ಯಾನರ್ ಕಟ್ಟುತ್ತಾರೆ, ಉದ್ಘಾಟಕರ ಕೊರಳಿಗೆ ಏಲಕ್ಕಿ ಹಾರ ಬೀಳುತ್ತದೆ, ನಾವು ಕರಿ ಕನ್ನಡಕ ಏರಿಸಿ ಸಾಲಾಗಿ ಕೂತು ಫೋಟೋ ತೆಗೆಸಿಕೊಳ್ಳುತ್ತೇವೆ. ಮೊಲೆಹಾಲು ಬಿಡದವರು ಈ ಸಾಲಿಗೆ ನುಗ್ಗುವುದು ಶೋಭಿಸುವುದಿಲ್ಲ.

‘ದೊಡ್ಡದಾದ ಮೇಲೆ ನೋಡಿದರಾಯ್ತು’ ಎಂದು ನಾವು ತೀರ್ಮಾನಿಸಿದ್ದೇವೆ. ಡಾಕ್ಟರು ಒಪ್ಪುತ್ತಿಲ್ಲ. ದಟ್ಟ ಪೊರೆಯಾದರೆ ಆರೆಂಟು ವಾರದೊಳಗೇ ತೆಗೆಯಬೇಕಂತೆ. ಆ ದಿನಗಳಲ್ಲಿ ಚಿತ್ರ ಮೂಡದಿದ್ದರೆ ಮೆದುಳು ನೋಡುವುದನ್ನೇ ಕಲಿಯದಂತೆ. ನಮ್ಮ ಪೊರೆ ವರ್ಷಗಟ್ಟಲೆ ಕಾಯುತ್ತದೆ, ನಿನ್ನದಕ್ಕೇಕೆ ಇಷ್ಟು ಧಿಮಾಕು?

ನಿನ್ನನ್ನು ಯಾರೂ ನೋಡಲಿಲ್ಲ ಅನ್ನಬೇಡ. ಕಣ್ಣಿನ ಪಾಪೆಯಲ್ಲಿ ಬಿಳಿ ಕಂಡ ದಿನವೇ ಅಜ್ಜಿ ದೃಷ್ಟಿ ತೆಗೆದು, ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟಳು. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರ ಚೀಲದಿಂದ ಹಿಡಿ ಡಬ್ಬಿ ತಳಿಯ ಮೆಣಸಿನಕಾಯಿ ತೆಗೆದು, ಬೆಳಕಿಗೆ ಹಿಡಿದು, ಮುರಿದು ನೋಡಿ, ಬಣ್ಣಕ್ಕೆ ದರ ಕಟ್ಟುತ್ತಾನೆ ನಿಜ. ರಾಣೆಬೆನ್ನೂರಿನ ಬೀಜವನ್ನು ಮೊಳಕೆ ಪರೀಕ್ಷೆ ಮಾಡಿಯೇ ಪೊಟ್ಟಣ ಕಟ್ಟುತ್ತಾರೆ, ಅದೂ ನಿಜ. ಆದರೆ ನಿನ್ನ ಕಣ್ಣಿಗೆ ಟಾರ್ಚ್ ಹಿಡಿಯಲು ನೀನು ಯಾವ ಟೆಂಡರಿಗೆ ಬಂದಿದ್ದೀ?

ಸರ್ಕಾರವೇನೋ 2013ರಲ್ಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿ, ತಪಾಸಣೆಯ ಪಟ್ಟಿಯಲ್ಲಿ ಹುಟ್ಟುಪೊರೆಯನ್ನೂ ಸೇರಿಸಿತು. ಬಸುರಿಗೆ ರುಬೆಲ್ಲಾ ತಗುಲಿದರೆ ಕೂಸಿಗೆ ಪೊರೆ ಬರಬಹುದೆಂದು 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವೂ ನಡೆಯಿತು. ರಾಜ್ಯದಲ್ಲಿ ಆಗ ಅನೇಕರು ಡಾಕ್ಟರಿಗಿಂತ ಲಸಿಕೆಯ ಬಗ್ಗೆ ಹರಿದಾಡಿದ ವಾಟ್ಸಾಪ್ ವದಂತಿಯನ್ನೇ ನಂಬಿದರು. ನಂಬಿಕೆ ದೊಡ್ಡದಲ್ಲವೇ?

ಆಪರೇಶನ್ ಆದರೂ ನಿನ್ನ ಕಾಟ ತಪ್ಪುವುದಿಲ್ಲ. ದಪ್ಪ ಕನ್ನಡಕ, ಬೆಳೆದಂತೆ ಬದಲಾಗುವ ನಂಬರು, ಚುರುಕಾದ ಕಣ್ಣಿಗೇ ಪಟ್ಟಿ ಹಚ್ಚುವ ವಿಚಿತ್ರ ಚಿಕಿತ್ಸೆ, ಗ್ಲಾಕೋಮಾ ಬಂದೀತೆಂದು ವರ್ಷಗಟ್ಟಲೆ ತಪಾಸಣೆ. ಪ್ರತಿ ಸಲವೂ ನಿನ್ನವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಶಾಲೆಯಲ್ಲಿ ಬೋರ್ಡು ಕಾಣದಿದ್ದರೆ ‘ದಡ್ಡ’, ಕಾಣಲೆಂದು ಕನ್ನಡಕ ಹಾಕಿದರೆ ‘ಸೋಡಾಬುಡ್ಡಿ’. ಹೆಣ್ಣಾಗಿದ್ದರೆ ಕನ್ನಡಕ ತೆಗೆದಿಡು. ಅಕ್ಷರ ಕಾಣದಿದ್ದರೂ ನಡೆದೀತು, ವರ ಸಿಗದಿದ್ದರೆ ನಡೆಯದು.

ಬ್ರಿಟನ್ನಿನವರು ಇಂಥ ಮಕ್ಕಳ ಬದುಕು ಹೇಗಿದೆಯೆಂದು ಅಧ್ಯಯನ ಮಾಡಿ, ಗಂಭೀರ ಹೃದಯದೋಷವಿರುವ ಮಕ್ಕಳಷ್ಟೇ ಇವರೂ ಸೊರಗಿದ್ದಾರೆಂದು 2007ರಲ್ಲಿ ಬರೆದರು. ಅದಕ್ಕಾಗಿ ಮಕ್ಕಳನ್ನೇ ಕೇಳಿದರಂತೆ! ನಮ್ಮಲ್ಲಿ ಆ ರೂಢಿಯಿಲ್ಲ.

ಇಷ್ಟು ತಿಳಿಹೇಳಿದ ಮೇಲೂ ನಿನ್ನವ್ವ ಕೇಳದೆ, ಆಪರೇಶನ್ ಮಾಡಿಸಲು ನಾಳೆಯೇ ಹುಬ್ಬಳ್ಳಿ ಬಸ್ಸು ಹತ್ತಿ, ನಿನಗೆ ದೃಷ್ಟಿ ಬಂದು, ನಮ್ಮನ್ನೆಲ್ಲ ನೀನು ಸರಿಯಾಗಿ ನೋಡುವಂತಾದರೆ ಅದಕ್ಕೆ ನಾವು ಹೊಣೆಯಲ್ಲ.

ಇತಿ,
ನಿನ್ನ ಹಿತಚಿಂತಕರಾದ ಊರ ಹಿರಿಯರು