ಕುಂಡಗಳ ಸಾರ್ವತ್ರಿಕ ವರ್ಗಾವಣೆ

ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಡತ ಹೊತ್ತವನು ನಿವೃತ್ತನಾದ ಮೇಲೂ ಏನನ್ನಾದರೂ ಹೊರಲೇಬೇಕು. ಕೆಲವರು ಮೊಮ್ಮಕ್ಕಳನ್ನು ಹೊರುತ್ತಾರೆ. ಕೆಲವರು ಬಡಾವಣೆ ಸಂಘದ ಕಾರ್ಯದರ್ಶಿ ಹುದ್ದೆಯನ್ನು ಹೊತ್ತುಕೊಂಡು ಬೈಸಿಕೊಳ್ಳುತ್ತಾರೆ. ನಾನು ಹೂವಿನ ಕುಂಡ ಹೊರುತ್ತೇನೆ.

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಹೆಸರಿನಲ್ಲೇ ಕತ್ತರಿ ಇಟ್ಟುಕೊಂಡ ಊರಲ್ಲಿ ಗಿಡ ಬೆಳೆಸಲು ಹೊರಡುವಾಗಲೇ ಯೋಚಿಸಬೇಕಿತ್ತು. ಸಾಲದ್ದಕ್ಕೆ ಬಾಗಿಲು ದಕ್ಷಿಣಕ್ಕಿದೆ. ಯಮನ ದಿಕ್ಕು ಎಂದು ಹೆದರಿ ಅಂಥ ಮನೆಗೆ ಜನ ಬೇಗ ಬರುವುದಿಲ್ಲ. ಆ ಹೆದರಿಕೆಯನ್ನು ನಾನು ತಿಂಗಳಿಗೆ ಎರಡು ಸಾವಿರ ಕಡಿಮೆ ಬಾಡಿಗೆಯಾಗಿ ಪರಿವರ್ತಿಸಿಕೊಂಡೆ. ಯಮ ನನ್ನ ತಂಟೆಗೆ ಬರಲಿಲ್ಲ. ಗಿಡಗಳ ಹತ್ತಿರ ಲೆಕ್ಕ ತೀರಿಸಿಕೊಂಡ.

ತಪ್ಪು ಶುರುವಾದದ್ದು ಜನವರಿಯಲ್ಲಿ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆಂದು ಲಾಲ್‌ಬಾಗಿಗೆ ಹೋಗಿದ್ದೆವು. 1889ರಲ್ಲಿ ಅಡಿಗಲ್ಲು ಬಿದ್ದ ಆ ಗಾಜಿನ ಮನೆಯೊಳಗೆ ಹೊಕ್ಕವರು ಹೊರಬರುವಾಗ ತಾವೂ ಹೈದರಾಲಿಯ ಹಾಗೆ ಒಂದು ತೋಟ ಮಾಡಬಲ್ಲೆವೆಂದು ನಂಬಿಕೊಂಡೇ ಬರುತ್ತಾರೆ. ಆತನಿಗೆ 1760ರಲ್ಲಿ ಎಕರೆಗಟ್ಟಲೆ ಜಾಗ ಇತ್ತು, ನನಗೆ ಇರುವುದು ಹತ್ತಡಿ ಬಾಲ್ಕನಿ ಎಂಬ ವ್ಯತ್ಯಾಸ ಆ ಹೊತ್ತಿಗೆ ಹೊಳೆಯುವುದಿಲ್ಲ.

ಮಾರನೆಯ ದಿನವೇ ಬೀದಿಯಲ್ಲಿ ಗಿಡದ ಗಾಡಿ ಬಂತು. ಕರಿ ಪ್ಲಾಸ್ಟಿಕ್ ಕವರಿನಲ್ಲಿ ಪಿಟೂನಿಯಾ ನಗುತ್ತಿತ್ತು.

"ಇದು ಬಿಸಿಲಿಗೋ ನೆರಳಿಗೋ?" ಅಂದೆ.

"ಎಲ್ಲಾದ್ರೂ ಅಡ್ಜಸ್ಟ್ ಮಾಡ್ಕೊಳತ್ತೆ ಸಾರ್."

ಬಿಎಂಟಿಸಿ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂತಾಗ ಕೇಳುವ ಮಾತು ಅದು. ಬೆಂಗಳೂರಿನಲ್ಲಿ ಅಷ್ಟು ವರ್ಷ ಅಡ್ಜಸ್ಟ್ ಮಾಡಿಕೊಂಡೇ ಬದುಕಿದ್ದರಿಂದ, ಗಿಡವೂ ಮಾಡಿಕೊಂಡೀತು ಎಂದು ಆರು ಕವರ್ ತಗೊಂಡೆ. ಪಿಟೂನಿಯಾ ಚಳಿಗಾಲದ ನೆಂಟ. ಬಂದಷ್ಟೇ ಬೇಗ ಗಂಟುಮೂಟೆ ಕಟ್ಟಿತು.

ಇಷ್ಟಕ್ಕೆ ಬುದ್ಧಿ ಬಂದು, ಬೇಸಿಗೆಯ ಹೂಗಳನ್ನು ಶಾಸ್ತ್ರೋಕ್ತವಾಗಿ ಆರಿಸಲು ಕೂತೆ. ಜನವರಿ ಬಿಸಿಲು ದಕ್ಷಿಣದ ಬಾಲ್ಕನಿ ದಾಟಿ ಹಾಲಿನ ಟೀಪಾಯಿಯವರೆಗೂ ಬರುತ್ತಿತ್ತು. ಉತ್ತರದ ಕಡೆ, ಪಾತ್ರೆ ತೊಳೆಯುವ ಯುಟಿಲಿಟಿ, ತಣ್ಣಗಿತ್ತು. ಹಾಗಾಗಿ ದಕ್ಷಿಣ ಬಿಸಿಲು ವಿಭಾಗ, ಉತ್ತರ ನೆರಳು ವಿಭಾಗ. ಒಂದು ರಿಜಿಸ್ಟರ್ ತೆರೆದೆ: ಗಿಡದ ಹೆಸರು, ದಿಕ್ಕು, ನೇಮಕಾತಿ ದಿನಾಂಕ, ಷರಾ. ಬಿಸಿಲು ವಿಭಾಗಕ್ಕೆ ದಾಸವಾಳ, ಕಾಶಿ ಕಣಗಿಲೆ, ಟೇಬಲ್ ರೋಸ್, ದುಂಡುಮಲ್ಲಿಗೆ ನೇಮಕವಾದವು. ನೆರಳು ವಿಭಾಗಕ್ಕೆ ಕರ್ಣಕುಂಡಲ, ಬಿಗೋನಿಯಾ, ಆಂಥೂರಿಯಂ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ, ಕುಂಡಗಳಿಗೂ ಖಾಲಿ ಪೈಂಟ್ ಡಬ್ಬಗಳಿಗೂ ತುಂಬಿದೆ. ಡಬ್ಬದ ತಳಕ್ಕೆ ತೂತು ಕೊರೆಯುವಾಗ ಹೆಬ್ಬೆರಳಿಗೂ ಒಂದು ಬಿತ್ತು. ಅದನ್ನು ಷರಾ ಕಾಲಮಿನಲ್ಲಿ ನಮೂದಿಸಿದೆ.

ಫೆಬ್ರವರಿ ಚೆನ್ನಾಗಿ ಹೋಯಿತು. ಟೇಬಲ್ ರೋಸಿಗೆ ಹತ್ತು ಗಂಟೆ ಹೂ ಎಂದೂ ಹೆಸರಿದೆ. ಬಿಸಿಲೇರಿದ ಮೇಲೆ ಹಾಜರಿ ಹಾಕಿ, ಊಟದ ಹೊತ್ತು ಕಳೆಯುತ್ತಿದ್ದಂತೆ ಮೇಜು ಖಾಲಿ ಮಾಡುವ ಅದರ ಶಿಸ್ತು ಕಂಡು ನನಗೆ ಹಳೆಯ ಸಹೋದ್ಯೋಗಿಗಳೆಲ್ಲ ನೆನಪಾಗುತ್ತಿದ್ದರು. ಮಾರ್ಚ್ ಕೊನೆಗೆ ಅದು ಮುಷ್ಕರ ಹೂಡಿತು. ಹನ್ನೊಂದಾದರೂ ಕಣ್ಣು ಬಿಡದು. ದಾಸವಾಳ ಎಲೆಯ ಮೇಲೆ ಎಲೆ ಬಿಟ್ಟುಕೊಂಡು ಉದ್ದುದ್ದ ಬೆಳೆಯಿತು. ಹೂವಿನ ಮಾತೇ ಇಲ್ಲ. ಮಲ್ಲಿಗೆ ಒಂದು ಮೊಗ್ಗಿಗೂ ಸಹಿ ಹಾಕಲಿಲ್ಲ.

"ರೀ, ಇಷ್ಟು ಕುಂಡ ಇಟ್ಕೊಂಡೂ ದೇವರಿಗೆ ಗಾಂಧಿ ಬಜಾರಿಂದ ಹೂ ತರ್ಬೇಕಾ?" ಎಂದಳು ನನ್ನಾಕೆ. ಪ್ರಶ್ನೆಯ ಕೊನೆಯಲ್ಲಿದ್ದದ್ದು ಪ್ರಶ್ನಾರ್ಥಕ ಚಿಹ್ನೆಯಲ್ಲ, ಕೈಚೀಲ.

ಇತ್ತ ನೆರಳು ವಿಭಾಗದಲ್ಲಿ ಕರ್ಣಕುಂಡಲ ಸಂಜೆಯಾದರೆ ಬಸ್ಸಾರಿಗೆ ಬೇಯಿಸಿದ ಸೊಪ್ಪಿನ ಹಾಗೆ ಮಲಗುತ್ತಿತ್ತು. ಆಂಥೂರಿಯಂ ಎಲೆಗಳ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತಿಟ್ಟಂಥ ಕಂದು ಕಲೆ. ಬಿಸಿಲಲ್ಲಿದ್ದವು ನೆರಳಿನ ರೋಗಕ್ಕೆ, ನೆರಳಲ್ಲಿದ್ದವು ಬಿಸಿಲಿನ ರೋಗಕ್ಕೆ ರಜೆ ಹಾಕಿದ್ದವು.

ಕಾರಣ ತಿಳಿಯದಾಗ ನಾವು ಮಾಡುವುದು ಗೊಬ್ಬರ ಹಾಕುವುದು. ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ ಆ ನೀರು ಹುಯ್ದೆ. ಕೆಳಗಿನ ಮನೆಯವರು ಬಂದು ಮೋರಿ ಕಟ್ಟಿಕೊಂಡಿದೆಯಾ ಎಂದು ವಿಚಾರಿಸಿ ಹೋದರು. ಮಿಕ್ಕ ಪ್ರೀತಿಯನ್ನೆಲ್ಲ ಕಾಶಿ ಕಣಗಿಲೆಗೆ ನೀರಾಗಿ ಹರಿಸಿದೆ. ಮಡಗಾಸ್ಕರ್ ಮೂಲದ ಈ ಗಿಡ ನಮ್ಮಲ್ಲಿ ಕಾಂಪೌಂಡಿನ ಬಿರುಕಿನಲ್ಲೂ ಯಾರ ಹಂಗಿಲ್ಲದೆ ಬೆಳೆಯುತ್ತದೆ. ವರ್ಷವಿಡೀ ಹೂ ಬಿಡುವುದರಿಂದ ನಿತ್ಯಪುಷ್ಪ ಎಂದೂ ಹೆಸರು. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧ ಸಿಕ್ಕಿದ್ದೂ ಇದರಿಂದಲೇ. ಅದು ತಡೆಯದ್ದು ಒಂದೇ, ಬುಡದಲ್ಲಿ ನಿಂತ ನೀರು. ಎಷ್ಟೋ ಜೀವ ಉಳಿಸಿದ ಗಿಡವನ್ನು ನಾನು ಹದಿನೈದು ದಿನದಲ್ಲಿ ಕೊಳೆಸಿ ಕೊಂದೆ.

ನೀರಾದರೂ ಪುಕ್ಕಟೆಯೇ? ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಾಗಿ ಮೇಲೇರಿ ಬರುವ ಕಾವೇರಿ ಅದು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತು. ಆ ಹೆದರಿಕೆಗೆ ನಮ್ಮ ಗಿಡಗಳಿಗೆ ಅಕ್ಕಚ್ಚು, ಸೊಪ್ಪು ತೊಳೆದ ನೀರು. ಮನೆಯಲ್ಲಿ ಅನ್ನ ಹೆಚ್ಚು ಬೇಯಿಸಿದ ದಿನ ಅವಕ್ಕೆ ಹಬ್ಬ, ಏಕಾದಶಿಯ ದಿನ ಅವಕ್ಕೂ ಉಪವಾಸ.

ರಹಸ್ಯ ಬಯಲಾದದ್ದು ಏಪ್ರಿಲ್ 24ರ ಮಧ್ಯಾಹ್ನ, ತಾರಸಿಯ ಮೇಲೆ. ಮಾಲೀಕರ ಮೊಮ್ಮಗಳು, ಏಳನೇ ಕ್ಲಾಸು, ಒಂದು ಸ್ಟೀಲ್ ಲೋಟ ಬೋರಲು ಹಾಕಿಕೊಂಡು ಅದನ್ನೇ ದಿಟ್ಟಿಸುತ್ತಿದ್ದಳು.

"ಏನಮ್ಮ ಮಾಡ್ತಿದ್ದೀಯ?"

"ತಾತ, ನೆರಳು ಎಲ್ಲಿದೆ ಹೇಳಿ ನೋಡೋಣ?"

ನೋಡಿದೆ. ಗಂಟೆ ಹನ್ನೆರಡು ಹದಿನೇಳು. ಲೋಟ ಇದೆ, ಬಿಸಿಲಿದೆ, ನೆರಳಿಲ್ಲ. ನನ್ನದೂ ಇಲ್ಲ, ಕಾಲ ಕೆಳಗೆ ಎಲ್ಲೋ ಮುದುಡಿಕೊಂಡಿತ್ತು.

"ಶೂನ್ಯ ನೆರಳಿನ ದಿನ ತಾತ. ಬೆಂಗಳೂರು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇವತ್ತು ಸೂರ್ಯ ಸರಿಯಾಗಿ ನೆತ್ತಿ ಮೇಲೆ. ನಾಳೆಯಿಂದ ಮಧ್ಯಾಹ್ನ ಅವನು ನಮಗೆ ಉತ್ತರಕ್ಕಿರ್ತಾನೆ. ವಾಪಸ್ ಬರೋದು ಆಗಸ್ಟ್ 18ಕ್ಕೆ."

"ಉತ್ತರಕ್ಕೆ ಅಂದ್ರೆ?"

"ನಿಮ್ಮ ಯುಟಿಲಿಟಿ ಕಡೆ."

ನಾನು ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತೆ. ದಕ್ಷಿಣದ ಕಿಟಕಿಗೆ ಬಿಸಿಲು ಹೆಚ್ಚು ಎಂದು ನಾನು ಓದಿದ್ದ ತೋಟಗಾರಿಕೆ ಪುಸ್ತಕ ಇಂಗ್ಲೆಂಡಿನದು. ಅಲ್ಲಿ ಸೂರ್ಯ ನೆತ್ತಿಗೆ ಏರುವುದೇ ಇಲ್ಲ, ವರ್ಷವಿಡೀ ಮಧ್ಯಾಹ್ನದ ಹೊತ್ತಿಗೆ ದಕ್ಷಿಣದಲ್ಲೇ ಓರೆಯಾಗಿರುತ್ತಾನೆ. ನಮ್ಮವನು ಹಾಗಲ್ಲ. ಚಳಿಗಾಲದಲ್ಲಿ ದಕ್ಷಿಣದಿಂದ ಓರೆಯಾಗಿ ಬಾಲ್ಕನಿಯೊಳಗೆ ಇಣುಕುತ್ತಾನೆ. ಮಾರ್ಚ್‌ನಿಂದ ಮೇಲೆ ಮೇಲೆ ಏರುತ್ತ ಹೋದಂತೆ ಮೇಲ್ಮಹಡಿಯ ಸ್ಲ್ಯಾಬೇ ಕೊಡೆಯಾಗುತ್ತದೆ. ಉರಿಬೇಸಿಗೆಯ ನಡುವೆ ನನ್ನ ದಕ್ಷಿಣದ ಬಾಲ್ಕನಿ ಕತ್ರಿಗುಪ್ಪೆಯ ತಂಪಾದ ನೆರಳು. ಉತ್ತರದ ಕಡೆಯೋ, ಬೆಳಿಗ್ಗೆ ಈಶಾನ್ಯದಿಂದ, ಸಂಜೆ ವಾಯವ್ಯದಿಂದ ಬಿಸಿಲು ಹೊಕ್ಕು ಆಂಥೂರಿಯಂಗೆ ಇಸ್ತ್ರಿ ಮಾಡುತ್ತಿತ್ತು. ಗಿಡ ಆರಿಸುವುದರಲ್ಲಿ ನಾನು ತಪ್ಪಿರಲಿಲ್ಲ. ನೆರಳನ್ನು ಕಾಯಂ ನೌಕರ ಎಂದು ತಿಳಿದದ್ದು ತಪ್ಪು. ಅವನೂ ವರ್ಗವಾಗುತ್ತಿದ್ದ.

ಸರ್ಕಾರಿ ನೌಕರರ ಸಾರ್ವತ್ರಿಕ ವರ್ಗಾವಣೆ ಬೇಸಿಗೆಯ ಕೊನೆಗೇ ಏಕೆ ಎಂಬುದು ನನಗೆ ಆಗ ಅರ್ಥವಾಯಿತು. ಆ ಸಂಜೆಯೇ ಆದೇಶ ಹೊರಡಿಸಿದೆ. ಟೇಬಲ್ ರೋಸ್, ದಾಸವಾಳ, ಹೊಸದಾಗಿ ತಂದ ಕಾಶಿ ಕಣಗಿಲೆ ಉತ್ತರಕ್ಕೆ. ಕರ್ಣಕುಂಡಲ, ಬಿಗೋನಿಯಾ, ಆಂಥೂರಿಯಂ ದಕ್ಷಿಣಕ್ಕೆ. ಬೆಳಗಿನ ಎಳೆ ಬಿಸಿಲೂ ಮಧ್ಯಾಹ್ನದ ನೆರಳೂ ಎರಡೂ ಬೇಕೆನ್ನುವ ಕನಕಾಂಬರಕ್ಕೆ ಪೂರ್ವದ ಮೆಟ್ಟಿಲು. ಕಾಗದದ ಹೂವಿನ ಬಳ್ಳಿಗೆ ಎಲ್ಲಿಯೂ ನೆರಳು ಬೇಡ, ನೀರೂ ಅಷ್ಟಕ್ಕಷ್ಟೆ. ಅದು ಗ್ರಾಮೀಣ ಸೇವೆಗೆ ತಾನಾಗಿಯೇ ಒಪ್ಪಿದ ನೌಕರನ ಹಾಗೆ. ತಾರಸಿಯ ಮೂಲೆಗೆ ಹಾಕಿದೆ.

ಶಿಫಾರಸು ಬಂದದ್ದು ಮಲ್ಲಿಗೆಯ ವಿಷಯದಲ್ಲಿ. "ಅದು ನನ್ನ ಕಣ್ಮುಂದೆ ಬಾಲ್ಕನಿಯಲ್ಲೇ ಇರ್ಲಿ" ಎಂದಿತು ಮೇಲಿನಿಂದ ಒತ್ತಡ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಬರೀ ಸೊಪ್ಪು ಎಂದು ಟಿಪ್ಪಣಿ ಬರೆದೆ. ತಾರಸಿಗೆ ಒಯ್ಯೋಣವೆಂದರೆ ಅಲ್ಲಿನ ಬಿಸಿಲಿಗೆ ಬೇಸಿಗೆಯಲ್ಲಿ ಮೊದಲ ಹಕ್ಕುದಾರ ಸಂಡಿಗೆ. ಎರಡನೆಯದು ಹಪ್ಪಳ, ಮೂರನೆಯದು ಬಾಳಕದ ಮೆಣಸಿನಕಾಯಿ. ಹೂವಿಗೆ ಪಾಳಿಯೇ ಇಲ್ಲ. ಕೊನೆಗೆ ಮಾಲೀಕರ ಮನೆಯಾಕೆಯೊಂದಿಗೆ ಒಪ್ಪಂದವಾಯಿತು: ಮಲ್ಲಿಗೆ ಕುಂಡಕ್ಕೆ ಸಂಡಿಗೆ ಸೀರೆಯ ಪಕ್ಕ ಎರಡಡಿ ಜಾಗ, ಬದಲಿಗೆ ಸಂಡಿಗೆಗೆ ಬರುವ ಕಾಗೆ ಪಾರಿವಾಳ ಓಡಿಸುವ ಹೊಣೆ ನನ್ನದು. ಮಲ್ಲಿಗೆಗೆ ವರ್ಗಾವಣೆ, ನನಗೆ ನಿಯೋಜನೆ. ಮೇ ತಿಂಗಳಲ್ಲಿ ಟವೆಲ್ ಸುತ್ತಿಕೊಂಡು ಕೋಲು ಹಿಡಿದು ಟ್ಯಾಂಕಿನ ನೆರಳಿನಲ್ಲಿ ಕೂತೆ. ಆ ನೆರಳೂ ಒಂದೆಡೆ ನಿಲ್ಲದು. ಅದರ ಜೊತೆ ನನ್ನ ಕುರ್ಚಿಯೂ ಜರುಗುತ್ತಿತ್ತು. ಮೂರನೇ ವಾರ ಮಲ್ಲಿಗೆ ಮೊಗ್ಗಾಯಿತು. ನನ್ನಾಕೆ ಒಂದು ಮೊಳ ಕಟ್ಟಿದಳು, ಅರ್ಧ ಮೊಳ ಮಾಲೀಕರ ಮನೆಗೆ ಹೋಯಿತು. ಕಾಗೆ ತಿಂದ ಸಂಡಿಗೆಯ ಲೆಕ್ಕ ಅದರಲ್ಲಿ ಚುಕ್ತಾ.

ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಕ್ರುಂಬಿಗಲ್ ಹೆಸರಿದೆ. ಜರ್ಮನಿಯಿಂದ ಬಂದ ಆ ತೋಟಗಾರ ಬೆಂಗಳೂರಿನ ಬೀದಿಗಳಿಗೆ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಮರ ಆರಿಸಿದರಂತೆ. ಬೇರೆ ದೇಶದಿಂದ ಬಂದವರು ನಮ್ಮ ಊರಿನ ವರ್ಷವನ್ನು ಅಷ್ಟು ನೋಡಿಕೊಂಡರು. ಇಲ್ಲೇ ನಿವೃತ್ತನಾದ ನಾನು ಸ್ವಂತ ಬಾಲ್ಕನಿಯ ಬಿಸಿಲನ್ನು ಜನವರಿಯ ಒಂದು ಬೆಳಿಗ್ಗೆ ನೋಡಿ ಕಡತ ಮುಚ್ಚಿದ್ದೆ. ಹೂ ಕೊಳ್ಳುವ ಮುಂಚೆ ಬಿಸಿಲನ್ನು ಒಂದು ವರ್ಷ ನೋಡಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಇರುವುದೇ ಕುಂಡ. ನೆಲದ ಗಿಡಕ್ಕಿಲ್ಲದ ಒಂದು ಅನುಕೂಲ ಅದಕ್ಕಿದೆ, ಎತ್ತಿಡಬಹುದು.

ಎತ್ತುವವರು ಬೇಕು, ಅಷ್ಟೆ. ಆಗಸ್ಟ್ 18ಕ್ಕೆ ಸೂರ್ಯ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಹೊರಡುತ್ತಾನೆ, ದಸರೆಯ ಹೊತ್ತಿಗೆ ನಮ್ಮ ಬಾಲ್ಕನಿಯೊಳಗೆ ಕಾಲಿಡುತ್ತಾನೆ. ಆಗ ಹನ್ನೊಂದು ಕುಂಡ, ನಾಲ್ಕು ಪೈಂಟ್ ಡಬ್ಬಗಳ ಮರು ವರ್ಗಾವಣೆ ಇದೆ. ದಾಸವಾಳದ ಕುಂಡಕ್ಕೆ ಇಬ್ಬರು ಬೇಕು, ನನ್ನ ಸೊಂಟ ಈಗಾಗಲೇ ವೈದ್ಯಕೀಯ ರಜೆ ಕೇಳಿದೆ. ಕತ್ರಿಗುಪ್ಪೆ ಕಡೆ ಬಂದರೆ ಒಂದು ಕೈ ಹಾಕಿ ಹೋಗಿ. ಕಾಫಿ ಕೊಡುತ್ತೇವೆ, ಕಾಗೆ ಬಿಟ್ಟ ಸಂಡಿಗೆಯೂ ಇದೆ.